ಮೆಟ್ಟಿಲ ಕೆಳಗಿನ ಒಂಬತ್ತು ಸಿಲಿಂಡರ್

ನಮ್ಮ ಭವನದ ಮೆಟ್ಟಿಲ ಕೆಳಗೆ ಒಂಬತ್ತು ಗ್ಯಾಸ್ ಸಿಲಿಂಡರ್‌ಗಳಿದ್ದವು. ಅವುಗಳಲ್ಲಿ ಒಂದೂ ನಮ್ಮದಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ದುರ್ಗಾಪೂಜೆ ಮುಗಿದ ವಾರ ಭವನದ ಕಾರ್ಯದರ್ಶಿ ನನ್ನನ್ನು ಕರೆದು, ಅವನ್ನೆಲ್ಲ ಖಾಲಿ ಮಾಡಬೇಕು ಎಂದು ಹೇಳಿದರು. ಆ ಹದಿನೈದು ದಿನಗಳ ಕೆಲಸವನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಭವನ ಅಂದರೆ ಕಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ, ಇಲ್ಲಿನ ಕನ್ನಡಿಗರು ಸೇರಿ ಕಟ್ಟಿಕೊಂಡ ಎರಡು ಮಹಡಿಯ ಕಟ್ಟಡ. ನಾನು ಅದರ ಉಸ್ತುವಾರಿಯವನು. ಬೀಗ, ನೀರಿನ ಪಂಪು, ಕುರ್ಚಿಗಳು ನನ್ನ ಪಾಲು. ಅಡುಗೆಮನೆ ನನ್ನ ಹೆಂಡತಿಯ ಪಾಲು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ಸಂಸಾರ. ಧಾರವಾಡದ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತೇವೆ. ನಮ್ಮ ಕಡೆಯವರು ಹಾಗೆ ಕರೆದದ್ದೇ ಎಲ್ಲರಿಗೂ ರೂಢಿಯಾಗಿ ಅವಳು ಭವನಕ್ಕೆಲ್ಲ ಕಾಕು ಆದಳು. ಬಂಗಾಳಿಯಲ್ಲಿ ಕಾಕು ಅಂದರೆ ಚಿಕ್ಕಪ್ಪ. ಸೀರೆ ಉಟ್ಟ ಈ ಚಿಕ್ಕಪ್ಪ ಯಾವ ಊರಿನವರು ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಅವರ ಜೊತೆ ಅವಳೂ ನಗುತ್ತಿದ್ದಳು.

ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿಗಳವರು. ಮೂರು ವರ್ಷ, ನಾಲ್ಕು ವರ್ಷ ಇದ್ದು ವರ್ಗವಾಗಿ ಹೋಗುತ್ತಾರೆ. ಊರು ಬಿಡುವ ದಿನದ ಊಟ ಕಾಕುವಿನ ಕೈಯದು ಎಂಬುದು ಇಲ್ಲಿನ ಪದ್ಧತಿಯಾಗಿತ್ತು. ಸಾಮಾನೆಲ್ಲ ಕಟ್ಟಿ, ಒಲೆ ಬಿಚ್ಚಿ, ಹೌರಾ ಸ್ಟೇಷನ್ನಿಗೆ ಹೋಗುವ ಮೊದಲು ಭವನಕ್ಕೆ ಬಂದು ಉಣ್ಣುತ್ತಿದ್ದರು. ಬರುವಾಗ ಟ್ಯಾಕ್ಸಿಯ ಹಿಂದೆ ಸಿಲಿಂಡರನ್ನೂ ಹಾಕಿಕೊಂಡು ಬರುತ್ತಿದ್ದರು. ಏಜೆನ್ಸಿಗೆ ಹೋಗಿ ವಾಪಸು ಕೊಡಲು ಅವರಿಗೆ ಸಮಯವಿರುತ್ತಿರಲಿಲ್ಲ. ಕೆಲವರಿಗೆ ಮತ್ತೆ ಇಲ್ಲಿಗೇ ವರ್ಗವಾದೀತು ಎಂಬ ಆಸೆ. 'ಇಲ್ಲೇ ಇಟ್ಟು ಹೋಗ್ರಿ, ನಾ ನೋಡ್ಕೋತೀನಿ' ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು. ಕಾಲು ಗಟ್ಟಿ ಇರುವ ತನಕ ಎಷ್ಟೋ ಸಿಲಿಂಡರ್‌ಗಳನ್ನು ತಾನೇ ಏಜೆನ್ಸಿಗೆ ಸೇರಿಸಿದಳು. ಮೊಣಕಾಲು ನೋವು ಬಂದ ಮೇಲಿನವು ಮೆಟ್ಟಿಲ ಕೆಳಗೆ ಉಳಿದವು.

ಭವನದ ಪರವಾನಗಿ ನವೀಕರಣಕ್ಕೆ ಅಗ್ನಿಶಾಮಕ ಇಲಾಖೆಯವರು ನೋಡಲು ಬರುವವರಿದ್ದರು. ದೀಪಾವಳಿಯ ಹೊತ್ತಿಗೆ ಬರುವ ಕಾಳಿಪೂಜೆಯ ಪಟಾಕಿ ಶುರುವಾಗುವ ಮೊದಲು ಮೆಟ್ಟಿಲ ಕೆಳಗೆ ಏನೂ ಇರಬಾರದು. ಕಾರ್ಯದರ್ಶಿ ಮೈಸೂರಿನ ಕಡೆಯ ಮಹಿಳೆ, ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ನನ್ನನ್ನು ಕೂರಿಸಿಕೊಂಡು ಸಮಿತಿಯ ಸಭೆಯಲ್ಲಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಉಸ್ತುವಾರಿಯವನ ಹೆಂಡತಿಯ ಹತ್ತಿರ ಇಷ್ಟು ಸಿಲಿಂಡರ್ ಹೇಗೆ ಬಂದವು, ಬ್ಲ್ಯಾಕಿನಲ್ಲಿ ಮಾರಲು ಇಟ್ಟಿದ್ದರೇನೋ ಎಂದು ಸದಸ್ಯರೊಬ್ಬರು ಕೇಳಿದ್ದರಂತೆ.

"ನಾನು ಅದನ್ನ ನಂಬಲ್ಲ," ಎಂದರು ಕಾರ್ಯದರ್ಶಿ. "ಆದ್ರೆ ನಾಳೆ ಇನ್ನೊಬ್ರು ಕೇಳಿದ್ರೆ ನನ್ನ ಕೈಲಿ ತೋರ್ಸೋಕೆ ಏನೂ ಇಲ್ಲ. ಸುಮ್ನೆ ಗುಜರಿಯವನ್ನ ಕರೆಸಿ ಕಳಿಸಿಬಿಡಿ. ಮಾತು ಅಲ್ಲಿಗೇ ನಿಲ್ಲತ್ತೆ."

ಮಾತು ಅಲ್ಲಿಗೆ ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸಿತು. ಗುಜರಿಗೆ ಹೋದರೆ ಕದ್ದ ಮಾಲು ಹೋದ ಹಾಗೆಯೇ ಹೋಗುತ್ತವೆ. ಅವಳಿಲ್ಲದಾಗ ಅವಳ ಹೆಸರಿಗೆ ಅಂಟಿದ್ದನ್ನು ಒರೆಸುವವರು ಯಾರು?

"ಹದಿನೈದು ದಿನ ಕೊಡ್ರಿ ಮೇಡಂ. ಒಂದೊಂದನ್ನೂ ಅದರ ದಾರಿಯಿಂದನ ಕಳಿಸ್ತೀನಿ. ಒಂಬತ್ತಕ್ಕೂ ಚೀಟಿ ತಂದು ನಿಮ್ಮ ಕೈಯಾಗ ಕೊಡ್ತೀನಿ," ಎಂದೆ.

ಅವರು ಒಪ್ಪಿದರು.

ಮರುದಿನ ಬೆಳಿಗ್ಗೆ ಅವನ್ನು ಒಂದೊಂದಾಗಿ ಹಿಂದಿನ ಅಂಗಳಕ್ಕೆ ತಂದೆ. ಮಲಗಿಸಿ ಉರುಳಿಸಬಾರದು, ಅಂಚಿನ ಮೇಲೆ ಓರೆ ಮಾಡಿ ತಿರುಗಿಸುತ್ತ ನಡೆಸಬೇಕು. ಸಾಲಾಗಿ, ಒಂದು ಮೊಳ ಅಂತರ ಬಿಟ್ಟು ನಿಲ್ಲಿಸಿದೆ. ಭವನಕ್ಕೆ ಸಿಲಿಂಡರ್ ತರುವ ದಾದಾ ಸೈಕಲ್ ವ್ಯಾನಿನವನು, ನನಗಿಂತ ಐದಾರು ವರ್ಷ ಚಿಕ್ಕವನು. ಆದರೂ ಇಲ್ಲಿನ ರೂಢಿಯಂತೆ ನಾವಿಬ್ಬರೂ ಒಬ್ಬರನ್ನೊಬ್ಬರು ದಾದಾ, ಅಂದರೆ ಅಣ್ಣ, ಎಂದೇ ಕರೆಯುತ್ತೇವೆ. ಅವನಿಂದ ತೂಗುವ ಸ್ಪ್ರಿಂಗ್ ತಕ್ಕಡಿ ತರಿಸಿಕೊಂಡೆ. ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಖಾಲಿ ತೂಕವನ್ನು ಒತ್ತಿರುತ್ತಾರೆ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಒಳಗೆ ಎಷ್ಟು ಗ್ಯಾಸ್ ಇದೆ ಎಂದು ತಿಳಿಯುತ್ತದೆ. ಆರು ಖಾಲಿ ಇದ್ದವು. ಎರಡರಲ್ಲಿ ಅರ್ಧದಷ್ಟಿತ್ತು. ಒಂದರಲ್ಲಿ ತಳದಲ್ಲಿ ಸ್ವಲ್ಪ. ಅದೇ ಪಟ್ಟಿಯ ಒಳಮೈಯಲ್ಲಿ, ಮತ್ತೆ ಪರೀಕ್ಷೆಗೆ ಹೋಗಬೇಕಾದ ಕಾಲವನ್ನು ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಯಲ್ಲಿ ಬರೆದಿರುತ್ತಾರೆ. ಅದನ್ನೂ, ಪ್ರತಿಯೊಂದರ ನಂಬರನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಸೋಪಿನ ನೀರು. ಇದು ಅವಳ ಶನಿವಾರದ ಕೆಲಸವಾಗಿತ್ತು. ಲೋಟದಲ್ಲಿ ನೊರೆ ಮಾಡಿಕೊಂಡು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದರ ಬಾಯಿಗೂ ಸವರಿ, ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಳು. "ಎಮ್ಮಿ ಮೈ ತೊಳ್ಯೋದು ಮುಗೀತೇನು?" ಎಂದು ನಾನು ಕಾಡುತ್ತಿದ್ದೆ. "ಹಾಲು ಕುಡ್ಯೋರಿಗೆ ಮೈ ತೊಳ್ಯೋದು ಎಲ್ಲಿ ಗೊತ್ತಾಗ್ತದ," ಅನ್ನುತ್ತಿದ್ದಳು. ಆ ಬ್ರಶ್ಶು ಮೆಟ್ಟಿಲ ಕೆಳಗಿನ ಮೊಳೆಗೇ ತೂಗುಬಿದ್ದಿತ್ತು. ಎರಡು ತಿಂಗಳಲ್ಲಿ ಅದರ ಎಳೆಗಳು ಒಣಗಿ ಗಟ್ಟಿಯಾಗಿದ್ದವು. ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡೆ.

ಐದನೆಯ ಸಿಲಿಂಡರಿನ ಬಾಯಲ್ಲಿ ಸಣ್ಣ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ದಾರದಲ್ಲಿ ಕಟ್ಟಿದ್ದ ಬಿಳಿ ಮುಚ್ಚಳವನ್ನು ಒತ್ತಿ ಕೂರಿಸಿದ ಮೇಲೆ ನಿಂತಿತು. ಏಜೆನ್ಸಿಯ ಮೆಕ್ಯಾನಿಕ್ ಬಂದು ಬಾಯೊಳಗಿನ ರಬ್ಬರ್ ಉಂಗುರ ಬದಲಾಯಿಸುವವರೆಗೆ ಎರಡು ದಿನ ಅದನ್ನು ಅಂಗಳದ ತುದಿಯಲ್ಲಿ ಒಂಟಿಯಾಗಿ ಇಟ್ಟಿದ್ದೆ. ಅವಳಿದ್ದಿದ್ದರೆ ಎರಡು ತಿಂಗಳು ಸೋರಲು ಬಿಡುತ್ತಿರಲಿಲ್ಲ.

ಪ್ರತಿಯೊಂದರ ಹಿಡಿಕೆಗೂ ಅವಳು ಒಂದು ಬಟ್ಟೆಯ ಪಟ್ಟಿ ಕಟ್ಟಿದ್ದಳು. ಎಲ್ಲವೂ ಅವಳ ಹಳೆಯ ಕುಪ್ಪಸಗಳಿಂದ ಕತ್ತರಿಸಿದವು. ಹಸಿರು ಹೂವಿನದು, ಕಂದು ಚೌಕಳಿಯದು, ನಾನು ಗಡಿಯಾಹಾಟ್ ಬಜಾರದಿಂದ ತಂದುಕೊಟ್ಟ ಹಳದಿಯದು. ಅವುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ, ಅವಳ ದಪ್ಪ ಅಕ್ಷರಗಳಲ್ಲಿ, ಯಾರದು ಎಂದು ಬರೆದಿತ್ತು. ಎಂಟರ ಮೇಲೆ ಹೆಸರು. ಒಂಬತ್ತನೆಯದರ ಹಿಡಿಕೆಗೂ ಬಟ್ಟೆ ಕಟ್ಟಿದ್ದಳು, ಕೆಂಪು ಖಣದ ಪಟ್ಟಿ. ಆದರೆ ಅದರ ಮೇಲೆ ಏನೂ ಬರೆದಿರಲಿಲ್ಲ.

ಅದನ್ನು ಆಮೇಲೆ ನೋಡಿದರಾಯಿತು ಎಂದು, ಮೊದಲೆರಡನ್ನು ವ್ಯಾನಿನಲ್ಲಿ ಹಾಕಿಸಿಕೊಂಡು ಏಜೆನ್ಸಿಗೆ ಹೋದೆ. ಕೌಂಟರಿನ ಹೆಂಗಸು ಬಂಗಾಳಿ. ಕನ್ನಡಕದ ಮೇಲಿನಿಂದ ನೋಡಿ ಮಾತಾಡುವವರು. ಸಿಲಿಂಡರ್ ತಂದ ಮಾತ್ರಕ್ಕೆ ಆಗುವುದಿಲ್ಲ ಎಂದರು. ಸಂಪರ್ಕ ಕೊಟ್ಟಾಗಿನ ಚೀಟಿ ಬೇಕು, ಗ್ಯಾಸಿನ ನೀಲಿ ಪುಸ್ತಕ ಬೇಕು, ರೆಗ್ಯುಲೇಟರ್ ಬೇಕು. ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು, ಇಲ್ಲದಿದ್ದರೆ ಅವರ ಸಹಿ ಇರುವ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ. ಚೀಟಿ ಕಳೆದಿದ್ದರೆ ಕಳೆದಿದೆ ಎಂಬ ಘೋಷಣೆ. ಎರಡನ್ನೂ ವ್ಯಾನಿನಲ್ಲಿ ತಿರುಗಿ ತಂದೆ. ಅಷ್ಟರಲ್ಲಿ, ಇಲ್ಲಿ ದುರ್ಗಾಪೂಜೆಯ ಬೆನ್ನಿಗೇ ಹುಣ್ಣಿಮೆಗೆ ಬರುವ ಲಕ್ಷ್ಮೀಪೂಜೆಯ ರಜೆಯೂ ಬಂತು.

ರೆಗ್ಯುಲೇಟರ್‌ಗಳೂ ನೀಲಿ ಪುಸ್ತಕಗಳೂ ಅವಳ ಸ್ಟೀಲ್ ಡಬ್ಬಿಯಲ್ಲಿದ್ದವು. ರೆಗ್ಯುಲೇಟರ್‌ಗೂ ಅದೇ ಅದೇ ಬಟ್ಟೆಯ ಚೂರು ಸುತ್ತಿದ್ದಳು, ಅದಲುಬದಲಾಗದಿರಲಿ ಎಂದು. ಇನ್ನು ಬೇಕಾದದ್ದು ಪತ್ರಗಳು. ಅಂದರೆ ಎಂಟು ಮನೆಗಳಿಗೆ ಫೋನ್ ಮಾಡಬೇಕು. ಈ ಕೆಲಸವನ್ನು ನಾನು ಸುಲಭ ಎಂದುಕೊಂಡಿದ್ದೆ.

ಮೊದಲ ಫೋನ್ ಹುಬ್ಬಳ್ಳಿಗೆ. ಇಲ್ಲಿ ಐದು ವರ್ಷ ಇದ್ದ ರೈಲ್ವೆಯವರ ಮನೆ. ಹೆಂಡತಿ ಎತ್ತಿಕೊಂಡರು. ನನ್ನ ದನಿ ಕೇಳಿದ್ದೇ, "ಕಾಕಾ, ಆರಾಮಿದ್ದೀರಿ? ಕಾಕು ಎಲ್ಲಿ? ಮೊದ್ಲು ಅವ್ರಿಗೆ ಕೊಡ್ರಿ," ಎಂದರು.

ನನ್ನ ಬಾಯಿಂದ, "ಬಜಾರಕ್ಕ ಹೋಗ್ಯಾಳ," ಎಂದು ಬಂತು.

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ನನಗೆ ಗೊತ್ತಿಲ್ಲ. ಆಕೆ ಪತ್ರವನ್ನು ಅರ್ಧ ಗಂಟೆಯಲ್ಲೇ ಫೋನಿಗೆ ಕಳಿಸಿದರು. ಸಂಜೆ ಮತ್ತೆ ಅವರೇ ಫೋನ್ ಮಾಡಿ, ಬಜಾರದಿಂದ ಬಂದರೇನು ಎಂದು ಕೇಳಿದರು. ಸಾಸಿವೆ ಹಾಕಿ ಮಾಡುವ ಯಾವುದೋ ಉಪ್ಪಿನಕಾಯಿಯ ಅಳತೆ ಕೇಳುವುದಿತ್ತಂತೆ. ಆಗ ಹೇಳಿದೆ. ಯಾವಾಗ, ಯಾವ ಆಸ್ಪತ್ರೆ, ಎಷ್ಟು ದಿನ, ಎಲ್ಲ ಹೇಳಿದೆ. ಆಕೆ, "ಬೆಳಿಗ್ಗೆ ಯಾಕ ಹೇಳ್ಲಿಲ್ಲ ಕಾಕಾ," ಎಂದರು. "ದಿನ ಪೂರ್ತಿ ನಾ ಅಳತಿ ಕೇಳಬೇಕು, ಕೇಳಬೇಕು ಅಂತ ಓಡ್ಯಾಡೀನಿ."

ಅಂದಿನಿಂದ ಒಂದು ಕ್ರಮ ಮಾಡಿಕೊಂಡೆ. ಮೊದಲು ಸುದ್ದಿ. ಅದಾದ ಮೇಲೆ ಎಷ್ಟು ಹೊತ್ತು ಮಾತಾಡುತ್ತಾರೋ ಅಷ್ಟು ಹೊತ್ತು ಮಾತು. ಸಿಲಿಂಡರಿನ ವಿಷಯ ಕೊನೆಗೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಫೋನ್ ಮಾಡಲು ನನ್ನಿಂದ ಆಗಲಿಲ್ಲ. ಒಬ್ಬೊಬ್ಬರೂ ನನಗೆ ಗೊತ್ತಿಲ್ಲದ ಏನನ್ನೋ ಹೇಳಿದರು. ಒಬ್ಬರ ಹೆಂಡತಿಯ ಬಾಣಂತನಕ್ಕೆ ಇವಳು ಹದಿನೆಂಟು ದಿನ ಖಾರವಿಲ್ಲದ ಸಾರು ಒಯ್ದಿದ್ದಳಂತೆ. ನಾನು ಅವಳು ತರಕಾರಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಒಂದು ಮನೆಯಲ್ಲಿ ಹೆಸರಿದ್ದವರೇ ತೀರಿಹೋಗಿದ್ದರು. ಅವರ ಮಗಳು ಮರಣಪತ್ರದ ಪ್ರತಿ ಕಳಿಸಿ, ಅಪ್ಪ ಕೊನೆಯವರೆಗೂ ನಮ್ಮ ಸಿಲಿಂಡರ್ ಕಲ್ಕತ್ತದಲ್ಲಿದೆ, ಮತ್ತೆ ಹೋಗಬಹುದು ಅನ್ನುತ್ತಿದ್ದರು ಎಂದಳು.

ಹತ್ತನೆಯ ದಿನದ ಹೊತ್ತಿಗೆ ಏಳು ಹೋದವು. ಎಂಟನೆಯದು ಬೇರೆ ಕಂಪನಿಯದು; ಅಲಿಪುರದ ಕಡೆಯ ಏಜೆನ್ಸಿಗೆ ಒಯ್ಯಬೇಕಾಯಿತು. ಪ್ರತಿ ಸಲವೂ ಕೌಂಟರಿನವರು ನಂಬರ್ ನೋಡಿ, ರೆಗ್ಯುಲೇಟರ್ ನೋಡಿ, ವಾಪಸಾತಿಯ ವೋಚರ್ ಕೊಡುತ್ತಿದ್ದರು. ಬಟ್ಟೆಯ ಪಟ್ಟಿ ಬಿಚ್ಚಿ ನನ್ನ ಕಡೆ ತಳ್ಳುತ್ತಿದ್ದರು. ನಾನು ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಉಳಿದದ್ದು ಹೆಸರಿಲ್ಲದ್ದು. ಡಬ್ಬಿಯಲ್ಲಿ ಅದಕ್ಕೆ ಪುಸ್ತಕವಿಲ್ಲ, ಖಣದ ಚೂರು ಸುತ್ತಿದ ರೆಗ್ಯುಲೇಟರ್ ಇಲ್ಲ. ಎಂಟು ಮನೆಯವರನ್ನೂ ಕೇಳಿದೆ, ಯಾರಿಗೂ ಗೊತ್ತಿಲ್ಲ. ಪರೀಕ್ಷೆಯ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಕಾರ್ಯದರ್ಶಿ ಬಂದು ನೋಡಿ, "ಸಭೇಲಿ ಅವ್ರು ಕೇಳೋದೇ ಇದನ್ನ," ಎಂದು ಮೆಲ್ಲಗೆ ಹೇಳಿ ಹೋದರು.

ಆ ದಿನ ನನಗೂ ಅನುಮಾನ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ಸಾರಿನ ಸಂಗತಿ ನನಗೆ ತಿಳಿದಿರಲಿಲ್ಲ. ಹಾಗೆಯೇ ಇದೂ ಒಂದು ನನಗೆ ತಿಳಿಯದ್ದು ಇರಬಹುದೇ? ಯಾರಿಂದಲೋ ಕೊಂಡಿದ್ದಳೇ?

ಸೈಕಲ್ ವ್ಯಾನಿನ ದಾದಾ ಉಪಾಯ ಹೇಳಿದ. ಖಾಲಿ ಸಿಲಿಂಡರ್‌ಗಳನ್ನು ಲಾರಿಗೆ ತುಂಬುವಾಗ ಇದನ್ನೂ ನಡುವೆ ಸೇರಿಸಿಬಿಡುತ್ತೇನೆ, ಗೋದಾಮಿನಲ್ಲಿ ಒಂದು ಹೆಚ್ಚಾದರೆ ಯಾರೂ ಕೇಳುವುದಿಲ್ಲ, ಕಡಿಮೆಯಾದರೆ ಮಾತ್ರ ಕೇಳುತ್ತಾರೆ ಎಂದ. "ಬೌದಿಗೋಸ್ಕರ ಇಷ್ಟು ಮಾಡ್ತೀನಿ ದಾದಾ. ಎಷ್ಟು ಚಹಾ ಕುಡಿದಿದ್ದೀನಿ ಅವರ ಕೈಯಿಂದ," ಎಂದ. ಬೌದಿ ಅಂದರೆ ಅತ್ತಿಗೆ. ಪ್ರೀತಿಯಿಂದ ಹೇಳಿದ ಮಾತು. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದೆ.

ಅವನು ಹೋದ ಮೇಲೆ ಮೆಟ್ಟಿಲ ಕೆಳಗಿನ ನೆಲ ತಿಕ್ಕಲು ಕುಳಿತೆ. ಸಿಲಿಂಡರ್ ನಿಂತಲ್ಲೆಲ್ಲ ತುಕ್ಕಿನ ಉಂಗುರಗಳು. ತೆಂಗಿನ ನಾರಿನಿಂದ ಉಜ್ಜುತ್ತ ಎಣಿಸಿದೆ: ಎಂಟು. ಗೋಡೆಯ ಮೂಲೆಯಲ್ಲಿ, ಒಂಬತ್ತನೆಯದು ನಿಂತಿದ್ದ ಕಡೆ, ಕಲೆಯೇ ಇರಲಿಲ್ಲ. ಅಂಗಳಕ್ಕೆ ಹೋಗಿ ಅದನ್ನು ಓರೆ ಮಾಡಿ ಅಡಿ ನೋಡಿದೆ. ಧೂಳು ಮೆತ್ತಿ ಮೊದಲ ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಕೆಳಗಿನ ಅಂಚಿಗೆ ಸುತ್ತಲೂ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ, ತಂತಿಯಿಂದ ಮೂರು ಕಡೆ ಹೊಲಿದಿತ್ತು. ಆ ಹೊಲಿಗೆ ನನ್ನದು.

ಮದುವೆಯಾಗಿ ಬಂದ ಹೊಸದರಲ್ಲಿ ನಾವು ಖಿದಿರ್‌ಪುರದಲ್ಲಿದ್ದೆವು. ನನಗೆ ಹಡಗುಗಳ ಡಾಕಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿ ಕೆಲಸ. ಒಂದು ಕೋಣೆಯ ಬಾಡಿಗೆ ಮನೆ. ನಮ್ಮ ಹೆಸರಿನಲ್ಲಿ ರೇಷನ್ ಕಾರ್ಡೂ ಇಲ್ಲ, ಏನೂ ಇಲ್ಲ. ಹಾಗಾಗಿ ಗ್ಯಾಸ್ ಸಿಗಲಿಲ್ಲ. ಸೀಮೆಎಣ್ಣೆಯ ಹೊಗೆಯಲ್ಲಿ ಅವಳ ಕಣ್ಣು ಕೆಂಪಾಗುವುದನ್ನು ನೋಡಲಾರದೆ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಅಡುಗೆಯವನಿಂದ ಕಾಗದವಿಲ್ಲದ ಸಿಲಿಂಡರ್ ಕೊಂಡು ತಂದೆ. ನಡೆಸುವಾಗ ನೆಲ ಕೆರೆಯುವ ಸದ್ದಿಗೆ ಕೆಳಗಿನ ಮನೆಯವರು ಬೈದರು; ಅದಕ್ಕೇ ಟ್ಯೂಬಿನ ಪಟ್ಟಿ. ಪ್ರತಿ ಸಲ ಸಿಲಿಂಡರ್ ಬದಲಾದಾಗ ಅದನ್ನು ಬಿಚ್ಚಿ ಹೊಸದಕ್ಕೆ ಹೊಲಿಯುತ್ತಿದ್ದೆ. ಭವನದ ಕೆಲಸ ಸಿಕ್ಕಿ ನಮ್ಮದೇ ಗ್ಯಾಸ್ ಸಂಪರ್ಕ ಬಂದ ದಿನ ಅವಳು, "ಅದನ್ನ ಏಜೆನ್ಸಿಗೆ ಹೊಳ್ಳಿ ಕೊಟ್ಟು ಬರ್ರಿ. ಅದು ನಮ್ಮದಲ್ಲ," ಎಂದಿದ್ದಳು. ಬರುವ ವಾರ ಎಂದೆ. ಕೆಲವು ತಿಂಗಳಿಗೊಮ್ಮೆ ನೆನಪಿಸುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ತಾನೇ ಎಲ್ಲೋ ಕೊಟ್ಟಿರಬೇಕು ಎಂದುಕೊಂಡು ನಾನೂ ಮರೆತೆ.

ಅವಳು ಅದನ್ನು ಬೇರೆಯವರ ಎಂಟರ ಪಕ್ಕದಲ್ಲಿ ಇಟ್ಟುಕೊಂಡು, ಶನಿವಾರ ಶನಿವಾರ ಅದರ ಬಾಯಿಗೂ ಸೋಪು ಸವರಿದ್ದಳು. ಅದಕ್ಕೆ ಕಟ್ಟಿದ್ದ ಖಣ ಅವಳ ಮದುವೆಯ ಕುಪ್ಪಸದ್ದು. ಅದು ಯಾವ ಖಣ ಎಂದು ಆಗಲಷ್ಟೇ ಗುರುತು ಹತ್ತಿತು.

ಲಾರಿಯ ನಡುವೆ ಸೇರಿಸಿ ಕಳಿಸಿದ್ದರೆ ಮೆಟ್ಟಿಲ ಕೆಳಗೆ ಖಾಲಿಯಾಗುತ್ತಿತ್ತು. ಆದರೆ ಚೀಟಿಗಳು ಎಂಟೇ ಇರುತ್ತಿದ್ದವು. ಒಂಬತ್ತನೆಯದು ಎಲ್ಲಿ ಹೋಯಿತು ಎಂದರೆ, ಕಾಕು ಮಾರಿಕೊಂಡಳು ಎಂಬ ಮಾತು ಶಾಶ್ವತವಾಗಿ ನಿಲ್ಲುತ್ತಿತ್ತು. ನಿಜ ಬರೆದರೆ ನನ್ನ ಕೆಲಸಕ್ಕೂ ಕೋಣೆಗೂ ಸಂಚಕಾರ ಬರಬಹುದು ಎಂದು ಗೊತ್ತಿತ್ತು. ಅಂಗಳದ ಮೆಟ್ಟಿಲ ಮೇಲೆ ಕುಳಿತು ಕನ್ನಡದಲ್ಲಿ ಒಂದು ಪುಟ ಬರೆದೆ. ಎಲ್ಲಿ ಕೊಂಡೆ, ಯಾಕೆ ಕೊಂಡೆ, ಯಾಕೆ ಕೊಡಲಿಲ್ಲ. ಕೆಳಗೆ ಸಹಿ ಹಾಕಿ, ಏಜೆನ್ಸಿಗಾಗಿ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಕಾರ್ಯದರ್ಶಿಯ ಮನೆಗೆ ಒಯ್ದೆ.

ಅವರು ಎರಡು ಸಲ ಓದಿದರು.

"ಇದನ್ನ ಸಮಿತಿ ಮುಂದೆ ಇಡ್ಬೇಕಾಗತ್ತೆ ನಾನು. ಗೊತ್ತಲ್ವಾ?"

"ಗೊತ್ತದ ಮೇಡಂ."

ಮತ್ತೆ ಕಾಗದ ನೋಡಿದರು. "ಇದ್ರಲ್ಲಿ ಕಾಕು ಹೆಸರು ಎಲ್ಲೂ ಇಲ್ವಲ್ಲ."

"ಇರಬಾರದ್ರಿ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲು ಕುಳಿತರು.

ಮರುದಿನ ಬೆಳಿಗ್ಗೆ ದಾದಾನಿಗೆ ಲಾರಿ ಬೇಡ, ಕೌಂಟರಿಗೇ ಹೋಗೋಣ ಎಂದೆ. ವ್ಯಾನು ಬರುವ ಮೊದಲು ಅವಳ ಮಾರ್ಕರ್ ಪೆನ್ನು ಹುಡುಕಿ, ಒಣಗಿದ ತುದಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಕೆಂಪು ಖಣದ ಮೇಲೆ ನನ್ನ ಹೆಸರು ಬರೆದೆ. ಕೌಂಟರಿನ ಹೆಂಗಸು ಪತ್ರ ಓದಿ ಒಳಗೆ ಹೋದರು, ಫೋನಿನಲ್ಲಿ ಮಾತಾಡಿದರು. ನನ್ನನ್ನು ಎರಡು ಗಂಟೆ ಕೂರಿಸಿದರು. ಕಂಪನಿಯ ಅಧಿಕಾರಿಯೊಬ್ಬರು ಬಂದು ನಂಬರ್ ಬರೆದುಕೊಂಡು, ಇದು ಇನ್ನು ಮನೆಗಳಿಗೆ ಹೋಗುವುದಿಲ್ಲ, ಕಾರ್ಖಾನೆಗೆ ಕಳಿಸುತ್ತೇವೆ ಎಂದರು. ಮೊದಲೇ ಯಾಕೆ ತರಲಿಲ್ಲ ಎಂದು ಒಂದೇ ಪ್ರಶ್ನೆ ಕೇಳಿದರು. ತಪ್ಪಾಯಿತು ಎಂದೆ. ವೋಚರ್ ಬರುವುದಿಲ್ಲವಾದ್ದರಿಂದ ಪತ್ರದ ಪ್ರತಿಯ ಮೇಲೆಯೇ ಸ್ವೀಕರಿಸಿದ್ದೇವೆ ಎಂದು ಬರೆದು ಮುದ್ರೆ ಒತ್ತಿಕೊಟ್ಟರು.

ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿ ಒಂಬತ್ತು ಕಾಗದಗಳನ್ನೂ ಮೇಜಿನ ಮೇಲಿಟ್ಟು ನನ್ನ ಪತ್ರ ಓದಿದರಂತೆ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ನನ್ನನ್ನು ಕೆಲಸದಲ್ಲಿ ಉಳಿಸಿಕೊಂಡು ಎಚ್ಚರಿಕೆಯ ಪತ್ರ ಕೊಟ್ಟರು. ಬ್ಲ್ಯಾಕಿನ ಮಾತಾಡಿದ್ದ ಸದಸ್ಯರು ಸಭೆ ಮುಗಿದ ಮೇಲೆ ತಾವೇ ಲೋಟ ತಂದು ತೊಟ್ಟಿಯಲ್ಲಿಟ್ಟು ಹೋದರು. ಎಚ್ಚರಿಕೆ ಪತ್ರವನ್ನು ಅವಳ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮರುವಾರ ದಾದಾ ಭವನದ ಸಿಲಿಂಡರ್ ತಂದಾಗ ಚಹಾಕ್ಕೆ ಕೂರಿಸಿದೆ. ಅವಳ ಹಾಗೆ ಶುಂಠಿ ಜಜ್ಜಿ ಹಾಕಲು ನನಗೆ ಬರುವುದಿಲ್ಲ. ಆದರೂ ಅವನು ಲೋಟ ಖಾಲಿ ಮಾಡಿದ. ಕಿಟಕಿಯ ದಾರದ ಮೇಲೆ ಒಗೆದು ಹಾಕಿದ್ದ ಒಂಬತ್ತು ಪಟ್ಟಿಗಳನ್ನು ನೋಡುತ್ತ ಕುಳಿತಿದ್ದ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಕೆಂಪು ಪಟ್ಟಿಯ ಅಕ್ಷರ ಮಾತ್ರ ಬೇರೆ ಥರ ಇದೆಯಲ್ಲ, ಏನು ಬರೆದಿದೆ ಎಂದು ಕೇಳಿದ.

"ನನ್ನ ಹೆಸರು," ಎಂದೆ.

"ಬೌದಿ ಬರೆದದ್ದಲ್ವಾ?"

"ಅಲ್ಲ. ಅದನ್ನ ನಾನೇ ಬರೀಲಿ ಅಂತ ಬಿಟ್ಟಿದ್ದಳು."